ಕಂಠೆಪ್ಪನ ಹೆಸರಿಗೆ ಹಚ್ಚಿದ ಗಾಡಿಗಳು

ಗೋವಾದ ಮಂಗೋರ್ ಹಿಲ್‌ನ ನಮ್ಮ ಓಣಿಯಲ್ಲಿ ನಿಲ್ಲುವ ಸ್ಕೂಟರುಗಳಲ್ಲಿ ಅರ್ಧದಷ್ಟು ಕಂಠೆಪ್ಪ ಕಾಕಾನವು. ಕಾಗದದ ಮೇಲೆ ಅಷ್ಟೇ. ಅವುಗಳಲ್ಲಿ ಒಂದನ್ನೂ ಅವನು ಕೊಂಡಿರಲಿಲ್ಲ, ಒಂದರ ಮೇಲೂ ಕೂತು ಪೇಟೆಗೆ ಹೋದವನಲ್ಲ. ಗುಡ್ಡ ಇಳಿಯುವುದೂ ನಡೆದೇ, ಹತ್ತುವುದೂ ನಡೆದೇ. ಓಡಿಸುವುದೇನಿದ್ದರೂ ಶಾಲೆಯ ಹಳದಿ ಬಸ್ಸು ಮಾತ್ರ.

ಈ ಗಾಡಿಗಳ ಸಂಗತಿಯನ್ನು ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲಿ ನಮ್ಮ ಕಡೆಯವರೇ ಹೆಚ್ಚು. ಇಂಡಿ, ಸಿಂದಗಿ, ಬಾದಾಮಿ ಅಂತ ಎಲ್ಲೆಲ್ಲಿಂದಲೋ ಬಂದವರು. ಅಪ್ಪ ಬಂದರಿನಲ್ಲಿ ಚೀಲ ಹೊತ್ತಿದ್ದರೆ ಮಗ ದಾಬೋಲಿಮ್ ಕಡೆ ಕಟ್ಟಡಗಳ ಮೇಲೆ ಕಬ್ಬಿಣ ಕಟ್ಟುತ್ತಾನೆ. ಎರಡು ತಲೆಮಾರು ಇಲ್ಲೇ ಬೆವರು ಸುರಿಸಿದರೂ ನಾವು ಇಲ್ಲಿಯವರೆಂದು ತೋರಿಸಲು ಕೈಯಲ್ಲಿ ಕಾಗದವಿಲ್ಲ. ಮನೆ ಬಾಡಿಗೆಯದು, ಮನೆ ಮಾಲೀಕ ಕರಾರು ಬರೆದುಕೊಡುವುದಿಲ್ಲ, ಲೈಟ್ ಬಿಲ್ಲು ಅವನ ಹೆಸರಿನಲ್ಲೇ ಬರುತ್ತದೆ. ಗೋವಾ ನಂಬರಿನ ಗಾಡಿ ಬೇಕೆಂದರೆ ಗೋವಾದ ವಿಳಾಸ ಬೇಕು. ಓಣಿಯಲ್ಲಿ ಸ್ವಂತ ಹೆಸರಿನ ಲೈಟ್ ಬಿಲ್ಲು ಇದ್ದದ್ದು ಕಂಠೆಪ್ಪ ಕಾಕಾನಿಗೆ. ಎರಡು ಖೋಲಿಯ ಮನೆ, ಮೇಲೆ ತಗಡು, ಆದರೆ ಬಿಲ್ಲು ಅವನದೇ. ಹೀಗಾಗಿ ಯಾರು ಗಾಡಿ ತಂದರೂ ಅದನ್ನು ಕಂಠೆಪ್ಪನ ಹೆಸರಿಗೆ ಹಚ್ಚುವುದು ಪದ್ಧತಿಯಾಯಿತು. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಕಾಕಾನ ಕಾಲು ಮುಟ್ಟಿ ಒಂದು ಪೇಢೆ ಕೊಟ್ಟು ಹೋಗುತ್ತಿದ್ದರು. ಹೆಸರು ಕೊಟ್ಟದ್ದಕ್ಕೆ ಆ ಪೇಢೆಗಿಂತ ಹೆಚ್ಚಿನದೇನನ್ನೂ ಅವನು ಮುಟ್ಟಿದವನಲ್ಲ. ಅದನ್ನೂ ಅರ್ಧ ಮುರಿದು ನನಗೆ ಕೊಡುತ್ತಿದ್ದ, ಯಾಕೆಂದರೆ ಅರ್ಜಿ ತುಂಬುತ್ತಿದ್ದವಳು ನಾನು.

ನಾನು ನೀಲಾ. ಗುಡ್ಡದ ಬುಡದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಝೆರಾಕ್ಸ್ ತೆಗೆದು ಹೊಟ್ಟೆ ತುಂಬುವ ಕಾಲ ಹೋಯಿತು. ಈಗ ಜನ ಬರುವುದು ಪೊಲೀಸರ ಚಲನ್ ನೋಡಿಸಲಿಕ್ಕೆ. ಗಾಡಿ ನಂಬರು ಹಾಕಿದರೆ ಸಾಕು, ಎಲ್ಲಿ, ಯಾವಾಗ, ಹೆಲ್ಮೆಟ್ ಇತ್ತೋ ಇಲ್ಲವೋ, ಎಲ್ಲವೂ ಫೋಟೋ ಸಮೇತ ಬರುತ್ತದೆ. ಒಮ್ಮೊಮ್ಮೆ ಹಿಂದಿನ ಸೀಟಿನಲ್ಲಿ ಯಾರು ಕೂತಿದ್ದರೆಂಬುದೂ ಕಾಣುತ್ತದೆ. ಆಗ ಕೆಲವು ಗಂಡಸರ ಮುಖ ನೋಡಬೇಕು. ದಂಡ ಎಷ್ಟಾದರೂ ಆಗಲಿ, ಆ ಫೋಟೋ ಮಾತ್ರ ಅಳಿಸು ತಂಗಿ ಎಂದು ಕೈ ಮುಗಿದವರಿದ್ದಾರೆ. ಅಳಿಸಲಿಕ್ಕೆ ಅದೇನು ನನ್ನ ಮನೆಯ ಗೋಡೆಯೇ?

ಕಂಠೆಪ್ಪ ಕಾಕಾನನ್ನು ನಾನು ಲಂಗ ಹಾಕುವ ವಯಸ್ಸಿನಿಂದ ಬಲ್ಲೆ. ಹಾಗಾಗಿ ಅವನಿಗೆ ಬಹುವಚನ ಹಚ್ಚಿದರೆ ನನ್ನ ಬಾಯಿಗೂ ಒಗ್ಗುವುದಿಲ್ಲ, ಅವನ ಕಿವಿಗೂ ಒಗ್ಗುವುದಿಲ್ಲ. ಮೀಸೆ ಮೂಡುವ ಮೊದಲೇ ಅದಿರಿನ ಲಾರಿಯ ಕ್ಲೀನರ್ ಆಗಿ ಗಡಿಯ ಮೊಲೆಂ ದಾಟಿ ಬಂದವನು. ಮುಂದೆ ಅದೇ ಲಾರಿಯ ಡ್ರೈವರ್ ಆದ. ಗಣಿ ನಿಂತು ಲಾರಿಗಳು ತುಕ್ಕು ಹಿಡಿದಾಗ ಉಳಿದ ಡ್ರೈವರುಗಳು ಕುಡಿತಕ್ಕೆ ಬಿದ್ದರು. ಇವನು ಶಾಲೆಯೊಂದರ ಬಸ್ಸು ಹಿಡಿದ. ಬ್ರೇಕು ಹಾಕಿದರೆ ಮಕ್ಕಳ ಡಬ್ಬಿಯೊಳಗಿನ ಸಾರು ಅಲುಗಬಾರದು ಎಂಬುದು ಅವನ ಕಾಯಿದೆ. ಅದನ್ನು ಅವನು ನನಗೆ ಎಷ್ಟು ಸಲ ಹೇಳಿದ್ದಾನೆಂದರೆ, ನನಗೇ ಬಸ್ಸು ಓಡಿಸಲು ಬರುತ್ತದೇನೋ ಅನ್ನಿಸುತ್ತದೆ. ಖಾಕಿ ಅಂಗಿಯನ್ನು ಅವನ ಹೆಂಡತಿ ಸತ್ಯವ್ವ ದಿನಾ ಗಂಜಿ ಹಾಕಿ ಇಸ್ತ್ರಿ ಮಾಡಿ ಕೊಡುತ್ತಿದ್ದಳು. ಪೊಲೀಸನೊಬ್ಬ ಇವನನ್ನು ನಿಲ್ಲಿಸಿದ್ದನ್ನು ಓಣಿಯಲ್ಲಿ ಯಾರೂ ಕಂಡಿಲ್ಲ. ಅದೇ ಅವನ ಆಸ್ತಿ, ಅದೇ ಅವನ ಜಂಬ.

ಈ ವರ್ಷ ಶಾಲೆ ಶುರುವಾಗುವ ಮುಂಚೆ ಬಸ್ಸುಗಳ ಉಸ್ತುವಾರಿಗೆ ಹೊಸ ಮೇಡಂ ಬಂದಳು. ಎಲ್ಲ ಡ್ರೈವರುಗಳೂ ತಮ್ಮ ಮೇಲೆ ಯಾವ ಕೇಸೂ ಇಲ್ಲವೆಂಬ ದಾಖಲೆ ತರಬೇಕು. ಉಳಿದದ್ದೇನಾದರೂ ನೋಡೋಣ, ಆದರೆ ಅತಿ ವೇಗದ ಕೇಸು ಒಂದೇ ಒಂದು ಇದ್ದರೂ ಮಕ್ಕಳ ಬಸ್ಸು ಕೊಡುವಂತಿಲ್ಲ ಎಂದಳಂತೆ. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಆ ಬಸ್ಸಿನಲ್ಲಿ ನನ್ನ ಮಗುವಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ.

ಕಾಕಾ ಹಲ್ಲು ಕಿರಿಯುತ್ತಲೇ ನನ್ನ ಅಂಗಡಿಗೆ ಬಂದ. "ನೀಲಾ, ನಂದೊಂದು ರೆಕಾರ್ಡ್ ತೆಗಿ. ಬರೇ ಬಿಳಿ ಹಾಳಿ ಬರತೈತಿ, ಅದಕ್ಕೂ ರೊಕ್ಕ ತಗೋತಿಯೇನು?" ಎಂದ.

ಬಂದದ್ದು ಬಿಳಿ ಹಾಳೆಯಲ್ಲ. ಪ್ರಿಂಟರು ಒಂದಾದ ಮೇಲೊಂದು ಪುಟ ಕಕ್ಕಿತು. ಹೆಲ್ಮೆಟ್ ಇಲ್ಲದ್ದು, ಮೂವರು ಕೂತದ್ದು, ಎದುರು ದಿಕ್ಕಿನಲ್ಲಿ ನುಗ್ಗಿದ್ದು, ಫೋನಿನಲ್ಲಿ ಮಾತಾಡುತ್ತ ಹೋದದ್ದು. ಓಣಿಯ ಅಷ್ಟೂ ಗಾಡಿಗಳ ಪಾಪ ಒಂದೇ ಹೆಸರಿನ ಕೆಳಗೆ ಬಂದು ಕೂತಿತ್ತು. ಗಾಡಿ ಯಾರ ಹೆಸರಿನಲ್ಲಿದೆಯೋ ಅವನೇ ಓಡಿಸಿದ ಎಂದು ಕಾನೂನು ಹಿಡಿಯುತ್ತದೆ. ಅಲ್ಲವೆಂದು ತೋರಿಸುವ ಹೊರೆ ಅವನದೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ಮಾಡಿದವನು ನಮ್ಮ ಕಾಕಾನನ್ನು ನೋಡಿಯೇ ಮಾಡಿರಬೇಕು. ಫೋನಿಗೆ ಸಂದೇಶ ಬಂದಿರಲಿಲ್ಲವೇ ಎಂದು ಕೇಳಿದೆ. ಬಂದಿದ್ದವಂತೆ, ಇಂಗ್ಲಿಷಿನಲ್ಲಿ. ಸಾಲ ಬೇಕೇ ಎಂದು ಕೇಳುವ ಕಂಪನಿಯವರೆಂದು ಇವನು ಒಂದೊಂದನ್ನೇ ಒತ್ತಿ ಅಳಿಸಿದ್ದನಂತೆ.

ಕೊನೆಯ ಪುಟದಲ್ಲಿ ಅದಿತ್ತು. ವಿಮಾನ ನಿಲ್ದಾಣದ ಕಡೆಯ ರಸ್ತೆ, ಕ್ಯಾಮೆರಾ, ಅತಿ ವೇಗ. ಫೋಟೋದಲ್ಲಿ ಕೆಂಪು ಅಂಗಿ, ಹ್ಯಾಂಡಲಿಗೆ ಊಟದ ಡಬ್ಬಿಯ ಚೀಲ. ಯಾರೆಂದು ಇಬ್ಬರಿಗೂ ಗೊತ್ತಾಯಿತು. ಯಮನೂರ. ಕಾಕಾನ ಊರಿನ ಕಡೆಯವನು, ದಾಬೋಲಿಮ್‌ನಲ್ಲಿ ಕಬ್ಬಿಣ ಕಟ್ಟುವವನು, ಕಾಕಾನನ್ನು ದೊಡ್ಡಪ್ಪ ಎಂದು ಕರೆಯುವವನು. ಕೆಲಸಕ್ಕೆ ತಡವಾದರೆ ಮುಕಾದಮ ಗೇಟಿನಿಂದಲೇ ವಾಪಸು ಕಳಿಸುತ್ತಾನೆಂದು ಗಾಳಿಯಂತೆ ಹೋಗುತ್ತಿದ್ದ. ಹುಡುಗ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಬೈಯಲಿಕ್ಕಾದರೂ ಒಬ್ಬ ಸಿಗುತ್ತಿದ್ದ.

ಕಾಕಾ ಆ ಹಾಳೆಗಳನ್ನೆಲ್ಲ ಮೇಡಂ ಮುಂದೆ ಇಟ್ಟ. ಮುಚ್ಚಿಡುವುದು ಅವನಿಗೆ ಗೊತ್ತಿಲ್ಲ. ಆ ಹೆಂಗಸು ಒಳ್ಳೆಯವಳು. ಫೋಟೋ ನೋಡಿ, ಇದು ನೀನಲ್ಲವೆಂದು ಕಣ್ಣಿದ್ದವರಿಗೆ ಯಾರಿಗಾದರೂ ಕಾಣುತ್ತದೆ ಎಂದಳಂತೆ. ಆ ಹೊತ್ತಿನಲ್ಲಿ ಅವನು ಬಸ್ಸಿನಲ್ಲಿದ್ದನೆಂದು ಶಾಲೆಯಿಂದ ಪತ್ರ ಕೊಟ್ಟಳು. ಸೋಮವಾರ ಕೋರ್ಟಿಗೆ ಹೋಗು, ಈ ಪತ್ರ ತೋರಿಸು, ಗಾಡಿ ಓಡಿಸಿದ ಹುಡುಗನನ್ನೂ ಕರೆದುಕೊಂಡು ಹೋಗಿ ಅವನ ಬಾಯಿಂದ ಹೇಳಿಸು, ನಿನ್ನ ಹೆಸರು ಬಿಟ್ಟುಹೋಗುತ್ತದೆ ಎಂದಳು. ಒಂದು ಮಾತನ್ನು ಎರಡೆರಡು ಸಲ ಹೇಳಿದಳಂತೆ: ಅಲ್ಲಿಯವರೆಗೆ ದಂಡ ಮಾತ್ರ ಕಟ್ಟಬೇಡ. ಕಟ್ಟಿದರೆ ತಪ್ಪು ಒಪ್ಪಿಕೊಂಡಂತೆ. ಆಮೇಲೆ ಯಾವ ಕೋರ್ಟೂ ಕೇಳುವುದಿಲ್ಲ. ನಾನೂ ಪರಿಚಯದ ವಕೀಲರೊಬ್ಬರನ್ನು ಕೇಳಿದೆ. ಅವರೂ ಅದನ್ನೇ ಹೇಳಿದರು.

ಇಷ್ಟು ಸುಲಭ. ಯಮನೂರನನ್ನು ಕರೆದು, ಸೋಮವಾರ ಒಂದು ದಿನದ ಕೆಲಸ ಬಿಡಪ್ಪಾ, ನನ್ನ ಜೊತೆ ಬಾ ಎನ್ನಬೇಕಿತ್ತು. ಆ ಮಾತು ಕಾಕಾನ ಗಂಟಲಿನಿಂದ ಹೊರಡಲಿಲ್ಲ. ನಾನು ದಿನಾ ಸಂಜೆ ಕೇಳಿದೆ, ಬೈದೆ, ನಾನೇ ಹೇಳುತ್ತೇನೆ ಎಂದೆ.

"ನೀ ಬಾಯಿ ಬಿಡಬ್ಯಾಡ. ಹೆಸರು ಕೊಟ್ಟಾಂವ ನಾನು. ಕೊಟ್ಟ ಮ್ಯಾಲ ಆ ಹುಡುಗನ್ನ ಕೈ ಹಿಡಿದು ಕೋರ್ಟಿನ್ಯಾಗ ನಿಲ್ಲಸಲೇನು? ಕೋರ್ಟ ಅಂದ್ರ ಅಂವ ಹೆದರತಾನ. ರವಿವಾರ ಸೂಟಿ ಇರತೈತಿ, ಸಮಾಧಾನದಿಂದ ನಾನs ಕೇಳತೇನಿ," ಎಂದ.

ಹೆದರಿಕೆ ಸುಳ್ಳಲ್ಲ. ಕಾಗದವಿಲ್ಲದ ಜನಕ್ಕೆ ಕೋರ್ಟು, ಪೊಲೀಸ್ ಠಾಣೆ ಎಂದರೆ ಹಾಳು ಬಾವಿ ಇದ್ದ ಹಾಗೆ, ಬಗ್ಗಿ ನೋಡಲೂ ಹೆದರುತ್ತಾರೆ. ಆದರೂ ನನಗೆ ಸಿಟ್ಟು ಬಂತು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಚಿನ್ನದ ಕತ್ತಿಯೆಂದು ಕುತ್ತಿಗೆ ಕೊಯ್ದುಕೊಳ್ಳುತ್ತಾರೆಯೇ? ಹೀಗೆ ಕೇಳಿದೆ ಕೂಡ. ಅವನು ನಕ್ಕು ಗುಡ್ಡ ಹತ್ತಿದ.

ಇತ್ತ ಸತ್ಯವ್ವನಿಗೆ ತಡೆದುಕೊಳ್ಳಲು ಆಗಲಿಲ್ಲ. ನಳದ ಹತ್ತಿರ ಕೊಡ ಇಟ್ಟುಕೊಂಡು ಲಕ್ಷ್ಮವ್ವನ ಮುಂದೆ ಕಣ್ಣೀರು ಹಾಕಿದಳು. ಹುಡುಗರ ಚಲನ್ನುಗಳೆಲ್ಲ ಗಂಡನ ಮೇಲೆ ಬಂದಿವೆ, ಅದರಿಂದ ಬಸ್ಸಿನ ಕೆಲಸ ಹೋಗುವ ಹಾಗಿದೆ, ಇಷ್ಟು ಹೇಳಿದಳು. ದಂಡ ಕಟ್ಟಬಾರದೆಂಬ ಮಾತು ಅವಳಿಗೇ ಗೊತ್ತಿರಲಿಲ್ಲ. ಕಾಕಾ ಮನೆಯಲ್ಲಿ ಅದನ್ನು ಆಡಿರಲಿಲ್ಲ.

ಲಕ್ಷ್ಮವ್ವ ಎಂದರೆ ನಮ್ಮ ಓಣಿಯ ರೊಟ್ಟಿ ಖಾನಾವಳಿ. ಓಣಿಗೆ ಹಿರಿಯಳೂ ಅವಳೇ. ಇಲ್ಲಿ ಯಾರಿಗೇ ಕಷ್ಟ ಬಂದರೂ ಅವಳು ಪಟ್ಟಿ ಎತ್ತುತ್ತಾಳೆ, ಅಂದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮನೆಮನೆಯ ಬಾಗಿಲಿಗೆ ನಿಂತು ಕೈಲಾದಷ್ಟು ಕೇಳುತ್ತಾಳೆ. ಯಾರಾದರೂ ಸತ್ತರೆ ಹೆಣವನ್ನು ಊರಿಗೆ ಕಳಿಸಲು ಪಟ್ಟಿ, ಬಾಣಂತಿಗೆ ಪಟ್ಟಿ, ಕಟ್ಟಡದ ಸಾರುವೆಯಿಂದ ಬಿದ್ದು ಕಾಲು ಮುರಿದವನಿಗೆ ಪಟ್ಟಿ. ಈ ಓಣಿ ನಿಂತಿರುವುದೇ ಅದರ ಮೇಲೆ. ನನ್ನ ಅಪ್ಪ ಕೊನೆಯ ಸಲ ಮೊಲೆಂ ದಾಟಿದ್ದೂ ಅದೇ ದುಡ್ಡಿನ ಗಾಡಿಯಲ್ಲಿ. ಹಾಗಾಗಿ ಅವಳನ್ನು ಬೈಯಲು ಹೊರಟರೆ ನನ್ನ ನಾಲಿಗೆ ಅರ್ಧಕ್ಕೇ ನಿಲ್ಲುತ್ತದೆ.

ಶನಿವಾರ ಅವಳು ಪಟ್ಟಿ ಎತ್ತಿದಳು. ನನ್ನ ಕಿವಿಗೆ ಬಿದ್ದರೆ ಕಾಕಾನಿಗೆ ಮುಟ್ಟುತ್ತದೆ, ಅವನು ಬೇಡವೆನ್ನುತ್ತಾನೆ ಎಂದು ನನ್ನ ಅಂಗಡಿಯ ಕಡೆಗೆ ಯಾರೂ ಸುಳಿಯಲಿಲ್ಲ. ಯಮನೂರ ವಾರದ ಪಗಾರವನ್ನು ಹಾಗೇ ತಂದು ಅವಳ ಉಡಿಗೆ ಹಾಕಿದನಂತೆ. ಒಂದೂ ಗಾಡಿ ಇಲ್ಲದ ಜೈತುನಬಿ ಕೂಡ, ಮೀನು ಮಾರಿ ಬಂದ ಬುಟ್ಟಿ ಇಳಿಸುವ ಮೊದಲೇ ಕೊಟ್ಟಳಂತೆ. ಸಂಜೆಯ ಹೊತ್ತಿಗೆ ಯಮನೂರನ ಫೋನಿನಿಂದ ಅಷ್ಟೂ ಚಲನ್ನುಗಳ ದಂಡ ಕಟ್ಟಿ ಮುಗಿಸಿದ್ದರು. ದಂಡ ಕಟ್ಟಿದರೆ ತಪ್ಪು ತೀರಿತು ಎಂಬುದು ನಮ್ಮ ಜನರ ಲೆಕ್ಕ. ಊರಲ್ಲಿ ಪಂಚರು ಹಾಕಿದ ದಂಡ ಕಟ್ಟಿ ಎದ್ದವನನ್ನು ಮತ್ತೆ ಯಾರೂ ಅದರ ಬಗ್ಗೆ ಕೇಳುವುದಿಲ್ಲ. ಕಟ್ಟಿದ ಮೇಲೇ ತಪ್ಪು ಗಟ್ಟಿಯಾಗುವ ಊರೊಂದು ಇದೆಯೆಂದು ಅವರಿಗೆ ಹೇಗೆ ತಿಳಿಯಬೇಕು?

ರವಿವಾರ ಬೆಳಿಗ್ಗೆ ನಾನು ಕಾಕಾನ ಮನೆಯಲ್ಲಿದ್ದೆ. ಈಗಲಾದರೂ ಯಮನೂರನ ಖೋಲಿಗೆ ಹೋಗೋಣ, ಬಾಯಿ ಬರದಿದ್ದರೆ ನಾನು ಆಡುತ್ತೇನೆ ಎಂದು ಅವನನ್ನು ಎಬ್ಬಿಸಲು ಹೋದವಳು. ಅವನು ಚಪ್ಪಲಿ ಮೆಟ್ಟುತ್ತಿದ್ದ. ಅಷ್ಟರಲ್ಲಿ ಓಣಿಗೆ ಓಣಿಯೇ ಬಾಗಿಲಿಗೆ ಬಂತು. ಮುಂದೆ ಲಕ್ಷ್ಮವ್ವ, ಕೈಯಲ್ಲಿ ಪೇಢೆಯ ಡಬ್ಬಿ. ಯಮನೂರ ಬಗ್ಗಿ ಕಾಕಾನ ಕಾಲು ಹಿಡಿದ.

"ದೊಡ್ಡಪ್ಪಾ, ನನ್ನಿಂದ ನಿನಗ ಭಾಳ ತ್ರಾಸ ಆತು. ಎಲ್ಲಾ ಕಟ್ಟೇವಿ. ಒಂದೂ ಬಾಕಿ ಉಳಿಸಿಲ್ಲ. ಇನ್ನ ನಿನ್ನ ಹೆಸರು ಸ್ವಚ್ಛ ಆತು," ಎಂದ. ಅಳುತ್ತಿದ್ದ.

ಅಯ್ಯೋ ಎನ್ನಲು ಬಾಯಿ ತೆರೆದವಳನ್ನು ಕಾಕಾ ಒಂದು ಸಲ ನೋಡಿದ. ಆ ನೋಟದಲ್ಲಿ ಬೇಡಿಕೆ ಇತ್ತು, ಸಿಟ್ಟಿರಲಿಲ್ಲ. ನಾನು ಬಾಯಿ ಮುಚ್ಚಿದೆ. ಅವನು ಯಮನೂರನ ತಲೆ ಮುಟ್ಟಿದ, ಡಬ್ಬಿಯಿಂದ ಒಂದು ಪೇಢೆ ತೆಗೆದ, ಅರ್ಧ ಮುರಿದು ನನಗೆ ಕೊಟ್ಟ.

"ಚಲೋ ಮಾಡಿದ್ರಿ," ಎಂದ. "ನನ್ನ ಮಂದಿ ಅಂದ್ರ ನೀವs ನೋಡ್ರಿ."

ಆ ಅರ್ಧ ಪೇಢೆಯನ್ನು ಕೈಯಲ್ಲೇ ಹಿಡಿದುಕೊಂಡು ಗುಡ್ಡ ಇಳಿದೆ.

ಸೋಮವಾರ ಕಾಕಾ, ನಾನು ಇಬ್ಬರೂ ಕೋರ್ಟಿಗೆ ಹೋದೆವು. ಹೋಗಿ ಪ್ರಯೋಜನವಿಲ್ಲವೆಂದು ಗೊತ್ತಿದ್ದೂ ಹೋದೆವು. ಕಿಟಕಿಯ ಆಚೆಗಿದ್ದವನು ನಂಬರು ನೋಡಿ, ಎಲ್ಲವೂ ಒಪ್ಪಿಕೊಂಡು ಕಟ್ಟಿದ್ದು, ಎಲ್ಲವೂ ಮುಗಿದ ಕೇಸು, ಮತ್ತೇನು ಬೇಕು ಎಂದ. ನಾನು ಶಾಲೆಯ ಪತ್ರ ಮುಂದೆ ಹಿಡಿದು, ಫೋಟೋದಲ್ಲಿರುವವನು ಬೇರೆ, ಕಟ್ಟಿದವರು ಬೇರೆ ಎಂದು ಕೊಂಕಣಿಯಲ್ಲಿ, ಹಿಂದಿಯಲ್ಲಿ, ಗೊತ್ತಿದ್ದ ಎಲ್ಲ ಭಾಷೆಯಲ್ಲಿ ಹೇಳಿದೆ. ಅವನು ತಾಳ್ಮೆಯಿಂದ ಕೇಳಿಸಿಕೊಂಡ. ಮೊನ್ನೆ ಬಂದಿದ್ದರೆ ಆಗುತ್ತಿತ್ತು ಎಂದ. ಹಿಂದೆ ಸರದಿಯಲ್ಲಿ ನಿಂತವರು ಕೆಮ್ಮಿದರು.

ಮೇಡಂ ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದಳಂತೆ. ಕಟ್ಟಬೇಡ ಎಂದಿದ್ದೆನಲ್ಲ ಎಂದಳಂತೆ. ಇವನು, ತಪ್ಪಾಯಿತು, ತಿಳಿಯದೆ ನಾನೇ ಕಟ್ಟಿಬಿಟ್ಟೆ ಎಂದನಂತೆ. ಬಸ್ಸಿನ ಕೀಲಿ ಮೇಜಿನ ಮೇಲಿಟ್ಟು ಬಂದ. ಶಾಲೆಯ ಹೊಸ ವರ್ಷಕ್ಕೆಂದು ಸತ್ಯವ್ವ ಹೊಲಿಸಿಟ್ಟ ಖಾಕಿ ಅಂಗಿಯ ಮಡಿಕೆ ಬಿಚ್ಚಿರಲಿಲ್ಲ.

ಅಂದು ಸಂಜೆ ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು ನನ್ನಿಂದ ಆಣೆ ಮಾಡಿಸಿಕೊಂಡ. ಖರೇ ಸಂಗತಿ ಓಣಿಯವರಿಗೆ ಯಾವತ್ತೂ ಗೊತ್ತಾಗಬಾರದು. "ಆ ಹುಡುಗ ಸಾಯೂತನಕ ಬೇಯತಾನ ನೀಲಾ. ಲಕ್ಷ್ಮವ್ವ ಇನ್ನೊಮ್ಮಿ ಪಟ್ಟಿ ಎತ್ತಾಕ ಕೈ ಚಾಚೂದಿಲ್ಲ. ನನ್ನ ಒಬ್ಬನ ಸಲುವಾಗಿ ಅದು ನಿಲ್ಲಬಾರದು," ಎಂದ. ಕೆಲಸ ಬಿಟ್ಟದ್ದಕ್ಕೆ ಕಾರಣ ಬೇಕಲ್ಲ ಎಂದೆ. ಕಣ್ಣು ಮಂಜಾಗಿವೆ, ಮಕ್ಕಳ ಜೀವ, ನಾನೇ ಬಿಟ್ಟೆ ಎಂದು ಹೇಳುತ್ತೇನೆ ಎಂದ. ಗುಡ್ಡದ ಮೇಲೆ ನಿಂತು ಬಂದರಿನ ಹಡಗಿನ ಬಾವುಟ ಯಾವ ದೇಶದ್ದೆಂದು ಹೇಳುವ ಕಣ್ಣು ಅವನದು.

ಓಣಿ ನಂಬಿತು. ನಂಬಿದ ಮೇಲೆ ಸಿಟ್ಟಾಯಿತು. ಸಿಟ್ಟಾಗದೆ ಏನು ಮಾಡೀತು? ಹೊಟ್ಟೆ ಕಟ್ಟಿ ಉಳಿಸಿಕೊಟ್ಟ ಕೆಲಸವನ್ನು ಈ ಮನುಷ್ಯ ವಾರವೂ ಮಾಡದೆ ಬಿಟ್ಟು ಕೂತ. ಲಕ್ಷ್ಮವ್ವ ನನ್ನ ಅಂಗಡಿಗೆ ಬಂದು, ಅವನಿಗೆ ಕೇಳಿಸುವ ಹಾಗೇ ಹೇಳಿದಳು: "ಕಣ್ಣ ಕಾಣೂದಿಲ್ಲ ಅಂತ ಮೊದಲs ಹೇಳಿದ್ರ ನಾವ್ಯಾಕ ಮನಿಮನಿ ತಿರಗತಿದ್ವಿ? ಜೈತುನಬಿ ಮೀನದ ಬುಟ್ಟಿ ಇಳಸದs ಕೊಟ್ಟಾಳ." ಕಾಕಾ ಕಟ್ಟೆಯ ಮೇಲೆ ತಲೆ ತಗ್ಗಿಸಿ, ಹೌದವ್ವಾ ತಪ್ಪಾತು ಎಂದ. ನನಗೆ ಕಂಪ್ಯೂಟರನ್ನು ಎತ್ತಿ ರಸ್ತೆಗೆ ಎಸೆಯಬೇಕೆನ್ನಿಸಿತು.

ಈಗ ಸತ್ಯವ್ವ ದಾಬೋಲಿಮ್‌ನ ಹೋಟೆಲೊಂದರಲ್ಲಿ ನೆಲ ಒರೆಸಲು ಹೋಗುತ್ತಾಳೆ. ಅವಳಿಗೆ ಎಲ್ಲ ಗೊತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಒಂದು ಸಲ ಅಂದಳು, ಆಮೇಲೆ ಅದನ್ನೂ ಅನ್ನಲಿಲ್ಲ. ಕಾಕಾನಿಗೆ ಬೇರೆ ಕೆಲಸ ಯಾರು ಕೊಡುತ್ತಾರೆ? ಕಣ್ಣು ಕಾಣದ ಡ್ರೈವರನೆಂದು ಅವನೇ ಸಾರಿಕೊಂಡಿದ್ದಾನೆ. ಓಣಿಯ ಎದುರು ಬೇರೆ ಗಾಡಿ ಹತ್ತುವ ಹಾಗೂ ಇಲ್ಲ. ದಿನವಿಡೀ ನನ್ನ ಕಟ್ಟೆಯ ಮೇಲೆ ಇರುತ್ತಾನೆ. ಮುಂಜಾನೆ ಹಳದಿ ಬಸ್ಸು ಇಳಿಜಾರಿನಲ್ಲಿ ಬರುತ್ತದೆ. ಹೊಸ ಡ್ರೈವರು ತಿರುವಿನಲ್ಲಿ ಒಮ್ಮೆಲೆ ಬ್ರೇಕು ಒತ್ತುತ್ತಾನೆ, ಒಳಗೆ ಮಕ್ಕಳು ಮುಂದಕ್ಕೆ ಮುಗ್ಗರಿಸುತ್ತವೆ. ತಿರುವು ಇನ್ನೂ ದೂರವಿರುವಾಗಲೇ ಕಾಕಾನ ಬಲಗಾಲು ನೆಲದ ಮೇಲೆ ಮೆತ್ತಗೆ ಒತ್ತುತ್ತದೆ. ಅದು ಅವನಿಗೆ ಗೊತ್ತಾಗುವುದಿಲ್ಲ.

ಮೊನ್ನೆ ಯಮನೂರ ಹೊಸ ಬೈಕು ತಂದ. ಮುಕಾದಮ ಅವನಿಗೆ ನಾಲ್ಕು ಆಳುಗಳ ಮೇಲ್ವಿಚಾರಣೆ ಕೊಟ್ಟಿದ್ದಾನಂತೆ. ಜೊತೆಗೆ ಲಕ್ಷ್ಮವ್ವನೂ ಬಂದಿದ್ದಳು. ಗಾಲಿಯ ಕೆಳಗೆ ನಿಂಬೆಹಣ್ಣು ಆಗಲೇ ಚಪ್ಪಟೆಯಾಗಿತ್ತು. ಇನ್ನು ಮುಂದೆ ನಿಧಾನ ಓಡಿಸುತ್ತೇನೆ ದೊಡ್ಡಪ್ಪಾ, ದೇವರಾಣೆ ಎಂದ ಹುಡುಗ. ಹೆಸರಿಗೆ ಹಚ್ಚುವ ಅರ್ಜಿ ತುಂಬಲು ನನ್ನ ಮುಂದೆ ಇಟ್ಟರು. ನಾನು ಪೆನ್ನು ಮುಟ್ಟಲಿಲ್ಲ.

"ಕಾಕಾ, ಬ್ಯಾಡ," ಎಂದೆ.

"ತುಂಬ ನೀಲಾ," ಎಂದ, ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ. "ಇನ್ನ ಆ ಹೆಸರಿಗೆ ಹತ್ತಾಕ ಏನ ಉಳದೈತಿ?"

ತುಂಬಿದೆ. ಸಹಿಯ ಜಾಗ ಬಂದಾಗ ಅವನು ಹಾಳೆಯನ್ನು ಮೂಗಿನ ಹತ್ತಿರ ಹಿಡಿದು, ಎಲ್ಲಿ ಮಾಡಬೇಕು, ಬೆರಳಿಟ್ಟು ತೋರಿಸು ಎಂದ. ಲಕ್ಷ್ಮವ್ವ ನೋಡುತ್ತಿದ್ದಳು. ನಾನು ಬೆರಳಿಟ್ಟೆ. ಸಹಿಯನ್ನು ಅವನು ಬೇಕೆಂದೇ ಗೆರೆಯಿಂದ ಕೆಳಗೆ, ಓರೆಯಾಗಿ ಮಾಡಿದ. ಅಯ್ಯ ಪಾಪ, ಖರೇನ ಕಣ್ಣು ಹೋಗ್ಯಾವಲ್ಲ ಎಂದು ಲಕ್ಷ್ಮವ್ವ ಮೊದಲ ಸಲ ಮೆತ್ತಗಾದಳು.

ಯಮನೂರ ಪೇಢೆ ಕೊಟ್ಟ. ಕಾಕಾ ಅದನ್ನು ಮುರಿದು ನನ್ನ ಪಾಲಿನ ಅರ್ಧವನ್ನು ಚಾಚಿದ. ನಾನು ಅವನ ಎಡಕ್ಕೆ ಕೂತಿದ್ದೆ. ಲಕ್ಷ್ಮವ್ವ ನೋಡುತ್ತಿರುವಂತೆಯೇ ಅವನ ಕೈ ಬಲಕ್ಕೆ, ಯಾರೂ ಇಲ್ಲದ ಕಡೆಗೆ ಹೋಯಿತು. ನಾನು ಎದ್ದು ಆ ಕಡೆಗೆ ಹೋಗಿ ಇಸಕೊಂಡೆ.